ಹುಳದ ಫೋಟೋ ಕೆಟ್ಟಿದ್ದೆಲ್ಲಿ? ಹಿತ್ತಲಿನ ಮ್ಯಾಕ್ರೋಗೆ ಒಂದು ದೋಷ ನಿವಾರಣೆ ಕೈಪಿಡಿ

ಎರಡು ಮಳೆಗಾಲದ ಹಿಂದೆ ನನ್ನ 100 ಮಿ.ಮೀ. ಮ್ಯಾಕ್ರೋ ಲೆನ್ಸ್, ಅಂದರೆ ಹುಳಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್, ಕೈಕೊಟ್ಟಿತು ಅಂದುಕೊಂಡೆ. ದಾಸವಾಳದ ಮೊಗ್ಗಿನ ಇರುವೆ, ತುಳಸಿಗೆ ಬಂದ ತುಡುವೆ ಜೇನು, ಏನು ತೆಗೆದರೂ ಮಸುಕು. ವ್ಯೂಫೈಂಡರ್‌ನಲ್ಲಿ ನೋಡುವಾಗ ಎಲ್ಲ ಸರಿ. ಕಂಪ್ಯೂಟರ್‌ನಲ್ಲಿ ತೆರೆದರೆ ಬೆಣ್ಣೆ ಸವರಿದ ಹಾಗೆ. ಮೂರು ವಾರ ಲೆನ್ಸನ್ನು ಬೈದು, ಕೊನೆಗೆ ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹುಡುಗ ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, "ಈಗ ನೋಡಿ ಸಾರ್" ಅಂದ. ಅಷ್ಟೇ. ವ್ಯೂಫೈಂಡರನ್ನು ನಮ್ಮ ಕಣ್ಣಿಗೆ ಹೊಂದಿಸುವ ಡಯಾಪ್ಟರ್ ಚಕ್ರ ಬ್ಯಾಗಿನಿಂದ ಎಳೆಯುವಾಗ ತಿರುಗಿಬಿಟ್ಟಿತ್ತು. ನಾನು ಕೈಯಲ್ಲಿ ಫೋಕಸ್ ಮಾಡುವವನು. ಕಣ್ಣಿಗೆ ಕಂಡದ್ದೇ ತಪ್ಪಾಗಿದ್ದ ಮೇಲೆ ಲೆನ್ಸ್ ಪಾಪ ಏನು ಮಾಡೀತು?

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಸಾಮಾನಿನ ಮೇಲೆ ಅನುಮಾನ ಪಡುವ ಮೊದಲು ಕೆಟ್ಟ ಫೋಟೋವನ್ನೇ ದೊಡ್ಡದು ಮಾಡಿ ನೋಡುವುದು. 100 ಪರ್ಸೆಂಟ್‌ಗೆ ಹಿಗ್ಗಿಸಿ, ಮೂಲೆಯಿಂದ ಮೂಲೆಗೆ. ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಈ ಫೋಟೋದಲ್ಲಿ ಎಲ್ಲಾದರೂ, ಎಲೆಯ ಅಂಚಿನಲ್ಲಾದರೂ ಸರಿ, ಒಂದು ಕೂದಲೆಳೆ ಚೂಪಾಗಿ ಬಂದಿದೆಯಾ? ಉತ್ತರ ಹೌದಾದರೆ ಲೆನ್ಸ್ ಚೆನ್ನಾಗಿದೆ, ಫೋಕಸ್ ಬೇರೆ ಕಡೆ ಬಿದ್ದಿದೆ. ಇಲ್ಲ ಅಂದರೆ ಮುಂದಿನ ಭಾಗದಿಂದ ಶುರು ಮಾಡಿ.

ಎಲ್ಲೂ ಏನೂ ಶಾರ್ಪ್ ಇಲ್ಲ

ಮೊದಲು ಖರ್ಚಿಲ್ಲದ ಕೆಲಸಗಳು. ಲೆನ್ಸಿನ ಮುಂದಿನ ಗಾಜು ನೋಡಿ. ಬೆಳಕಿಗೆ ಓರೆಯಾಗಿ ಹಿಡಿದರೆ ಬೆರಳಿನ ಜಿಡ್ಡು ಕಾಣುತ್ತದೆ. ಫೋನ್ ಆದರೆ ಇದನ್ನೇ ಮೊದಲು ಮಾಡಿ, ಜೇಬಿನಲ್ಲಿ ಬೆವರಿಗೆ ಉಜ್ಜಿದ ಲೆನ್ಸ್ ಯಾವತ್ತೂ ಜಿಡ್ಡಾಗಿರುತ್ತದೆ. ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಧೂಳಿರುವಾಗಲೇ ಒರೆಸಿದರೆ ಮರಳು ಕಾಗದ ಉಜ್ಜಿದಂತೆ.

ಯುವಿ ಫಿಲ್ಟರ್ ಹಾಕಿದ್ದರೆ ಬಿಚ್ಚಿ ಒಂದು ಫೋಟೋ ತೆಗೆಯಿರಿ. ಅಗ್ಗದ ಫಿಲ್ಟರ್ ಮ್ಯಾಕ್ರೋದಲ್ಲಿ ಚಿತ್ರವನ್ನು ಮೆತ್ತಗೆ ಮಾಡುತ್ತದೆ, ಬೆಳಕು ಎದುರಿಗಿದ್ದರೆ ಇನ್ನೂ ಜಾಸ್ತಿ.

ಆಮೇಲೆ ಡಯಾಪ್ಟರ್ ಚಕ್ರ. ವ್ಯೂಫೈಂಡರ್‌ನ ಕೆಳಗೆ ಶಟರ್ ವೇಗ, ಎಫ್ ಅಂಕಿಗಳು (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು) ಕಾಣುತ್ತವಲ್ಲ, ಅವು ಚೊಕ್ಕವಾಗಿ ಕಾಣುವವರೆಗೆ ತಿರುಗಿಸಿ. ಹುಳವನ್ನು ನೋಡಿ ತಿರುಗಿಸಬೇಡಿ, ಅಂಕಿಗಳನ್ನು ನೋಡಿ. ಕನ್ನಡಕ ಬದಲಾದಾಗಲೆಲ್ಲ ಇದನ್ನು ಇನ್ನೊಮ್ಮೆ ಮಾಡಬೇಕು.

ನಾಲ್ಕನೆಯದು ದೂರ. ಪ್ರತಿ ಲೆನ್ಸಿಗೂ ಅದಕ್ಕಿಂತ ಹತ್ತಿರ ಹೋದರೆ ಫೋಕಸ್ ಆಗದ ಒಂದು ಗಡಿ ಇದೆ. 100 ಮಿ.ಮೀ. ಮ್ಯಾಕ್ರೋ ಲೆನ್ಸ್‌ಗಳಲ್ಲಿ ಆ ಗಡಿ ಸುಮಾರು 30 ಸೆಂ.ಮೀ. ಅಂತ ಬರೆದಿರುತ್ತದೆ. ಆದರೆ ಅದು ಲೆನ್ಸಿನ ಮೂತಿಯಿಂದಲ್ಲ, ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಸೆನ್ಸರ್‌ನಿಂದ ಅಳೆದದ್ದು. ಲೆನ್ಸಿನ ಉದ್ದ ಕಳೆದರೆ ಹುಳಕ್ಕೂ ಮೂತಿಗೂ ಉಳಿಯುವುದು ಒಂದು ಗೇಣಿಗಿಂತ ಕಮ್ಮಿ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನಲ್ಲಿ ಹೂವಿಗೆ ಮೂತಿ ತಾಗಿಸಿಕೊಂಡು "ಫೋಕಸ್ ಆಗ್ತಿಲ್ಲ" ಅನ್ನುವವರಿಗೆ ಉತ್ತರ ಇಷ್ಟೇ: ಹಿಂದೆ ಸರಿಯಿರಿ.

ಲೆನ್ಸಿನ ಮೂತಿಗೆ ತಿರುಪಿ ಕೂರಿಸುವ ಕ್ಲೋಸಪ್ ಲೆನ್ಸ್ ಹಾಕಿಕೊಂಡವರಿಗೆ ಇದರ ಉಲ್ಟಾ ತೊಂದರೆ. ದೂರದ್ದು ಏನೂ ಫೋಕಸ್ ಆಗುವುದಿಲ್ಲ. ಅದು ಇರುವುದೇ ಹಾಗೆ. ಲೆಕ್ಕ ಸುಲಭ: 100ನ್ನು ಆ ಲೆನ್ಸಿನ ಶಕ್ತಿ ಹೇಳುವ ಡಯಾಪ್ಟರ್ ಸಂಖ್ಯೆಯಿಂದ ಭಾಗಿಸಿ, ಹುಳ ಎಷ್ಟು ದೂರದವರೆಗೆ ಇರಬಹುದು ಅಂತ ಸಿಗುತ್ತದೆ. ಪ್ಲಸ್ 4 ಆದರೆ 25 ಸೆಂ.ಮೀ., ಪ್ಲಸ್ 10 ಆದರೆ 10 ಸೆಂ.ಮೀ. ಬಹಳ ಜನ ಬಳಸುವ ರೇನಾಕ್ಸ್ ಡಿಸಿಆರ್-250 ಪ್ಲಸ್ 8, ಅಂದರೆ ಹನ್ನೆರಡೂವರೆ ಸೆಂ.ಮೀ. ಹುಳ ಅದಕ್ಕಿಂತ ದೂರ ಇದ್ದರೆ ಯಾವ ರಿಂಗ್ ತಿರುಗಿಸಿದರೂ ಪ್ರಯೋಜನವಿಲ್ಲ.

ಇಷ್ಟಾದರೂ ಸರಿಯಾಗದಿದ್ದರೆ ಬಿಸ್ಕತ್ ಪೊಟ್ಟಣದ ಪರೀಕ್ಷೆ ಮಾಡಿ. ಪೊಟ್ಟಣದ ಬಾರ್‌ಕೋಡನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಅಥವಾ ಪುಸ್ತಕಗಳ ಅಟ್ಟಿಯ ಮೇಲೆ ನೇರ ಎದುರಿಗೆ ಇಡಿ. ಎಫ್ 8, ಎರಡು ಸೆಕೆಂಡಿನ ಟೈಮರ್, ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಹಿಗ್ಗಿಸಿ ಕೈಯಲ್ಲೇ ಫೋಕಸ್. ಹತ್ತು ಫೋಟೋ, ಪ್ರತಿ ಸಲ ಫೋಕಸ್ ಹೊಸದಾಗಿ. ಬಾರ್‌ಕೋಡ್ ಚೂಪಾಗಿ ಬಂದರೆ ಲೆನ್ಸ್ ಆರೋಗ್ಯವಾಗಿದೆ, ತೊಂದರೆ ತೋಟದಲ್ಲಿದೆ. ಹತ್ತರಲ್ಲಿ ಒಂದೂ ಬರದಿದ್ದರೆ, ಅಥವಾ ಒಂದು ಬದಿ ಚೂಪು ಇನ್ನೊಂದು ಬದಿ ಯಾವಾಗಲೂ ಮಸುಕಾಗಿದ್ದರೆ, ಒಳಗಿನ ಗಾಜು ಸರಿದಿರಬಹುದು. ಕೆಳಗೆ ಬಿದ್ದ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಇಲ್ಲಿಗೆ ನಿಲ್ಲಿಸಿ, ಸರ್ವಿಸ್‌ಗೆ ಕೊಡಿ. ಸ್ಕ್ರೂ ಡ್ರೈವರ್ ಮುಟ್ಟಬೇಡಿ.

ಹುಳದ ಎದೆಯ ಕೂದಲು ಚೂಪು, ಕಣ್ಣು ಮಸುಕು

ನೂರಕ್ಕೆ ತೊಂಬತ್ತು ಫೋಟೋಗಳು ಕೆಡುವುದು ಇಲ್ಲೇ ಅನ್ನುವುದು ನನ್ನ ಅಂದಾಜು. ಇದು ದೋಷವಲ್ಲ, ಲೆಕ್ಕ.

ತುಳಸಿ ಹೂವಿನ ಮೇಲಿನ ಒಂದು ತುಡುವೆ ಜೇನನ್ನು ತೆಗೆದುಕೊಳ್ಳಿ. ಉದ್ದ ಸುಮಾರು ಒಂದು ಸೆಂಟಿಮೀಟರ್. ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ಹುಳ ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವಂತೆ, ಹತ್ತಿರ ಹೋಗಿದ್ದೀರಿ. ಎಫ್ 2.8ರಲ್ಲಿ ಚೂಪಾಗಿ ಬರುವ ಪದರದ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗ. ಎಫ್ 8ರಲ್ಲಿ ಹೆಚ್ಚುಕಮ್ಮಿ 1 ಮಿ.ಮೀ. ಎಫ್ 16ಕ್ಕೆ ಹೋದರೂ 2 ಮಿ.ಮೀ. ಮುಟ್ಟುವುದಿಲ್ಲ. ಜೇನಿನ ತಲೆಯೇ ಅದಕ್ಕಿಂತ ಅಗಲ. ಒಂದು ಕಣ್ಣು ಸಿಕ್ಕರೆ ಇನ್ನೊಂದು ಔಟ್. ನೀವು ಉಸಿರೆಳೆದುಕೊಂಡಾಗ ಎದೆ ಅಷ್ಟು ಅಲುಗಾಡುತ್ತದೆ ಅಲ್ವಾ?

ಅದಕ್ಕೇ ಇಲ್ಲಿ ಮೊದಲ ಮದ್ದು ಎಫ್ ಸಂಖ್ಯೆ ಅಲ್ಲ, ಹಿಂದೆ ಸರಿಯುವುದು. ಹುಳ ಅರ್ಧ ಅಳತೆಗೆ ಬೀಳುವಷ್ಟು ದೂರ ಹೋಗಿ. ಎಫ್ 11ರಲ್ಲಿ 1:1ಕ್ಕೆ 1.3 ಮಿ.ಮೀ. ಇದ್ದ ಪದರ ಅರ್ಧ ಅಳತೆಯಲ್ಲಿ ಸುಮಾರು 4 ಮಿ.ಮೀ. ಆಗುತ್ತದೆ. ಮೂರು ಪಟ್ಟು! ಈಗಿನ 24 ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಆಮೇಲೆ ಕ್ರಾಪ್ ಮಾಡಿಕೊಂಡರೆ ದೊಡ್ಡ ನಷ್ಟವಿಲ್ಲ. ತುಂಬ ಹತ್ತಿರ ಹೋಗಬೇಕೆಂಬ ಚಪಲ ಹೊಸಬರಿಗೆಲ್ಲ ಇರುತ್ತದೆ. ನನಗೂ ಇತ್ತು.

ಎರಡನೆಯದು ಕೋನ. ಸೆನ್ಸರ್ ಹುಳದ ಮೈಗೆ ಸಮಾನಾಂತರವಾಗಿರಲಿ. ಚಿಟ್ಟೆ ರೆಕ್ಕೆ ಮಡಚಿ ಕೂತಿದ್ದರೆ ಪಕ್ಕದಿಂದ, ನೇರ. ಒಂದಿಷ್ಟು ಓರೆಯಾದರೂ ರೆಕ್ಕೆಯ ಹಿಂದಿನ ಅರ್ಧ ಹೋಯಿತು.

ಮೂರನೆಯದು ವಿಧಾನ. ಆಟೋಫೋಕಸ್ ಬಿಟ್ಟುಬಿಡಿ. ಲೆನ್ಸನ್ನು ಬೇಕಾದ ಅಳತೆಗೆ ನಿಲ್ಲಿಸಿ, ಆಮೇಲೆ ರಿಂಗ್ ಮುಟ್ಟದೆ ನಿಮ್ಮ ದೇಹವನ್ನೇ ಮಿಲಿಮೀಟರುಗಟ್ಟಲೆ ಮುಂದೆ ಹಿಂದೆ ತೂಗಿ. ಎಡಗೈಯಲ್ಲಿ ಅದೇ ಗಿಡದ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಲೆನ್ಸನ್ನು ಅದೇ ಮುಷ್ಟಿಯ ಮೇಲೆ ಕೂರಿಸಿದರೆ ಇನ್ನೂ ಒಳ್ಳೆಯದು. ಆಗ ಗಿಡ, ಕೈ, ಕ್ಯಾಮೆರಾ ಮೂರೂ ಒಟ್ಟಿಗೆ ಅಲುಗುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಕಣ್ಣಿನ ಮೇಲೆ ಮಿಂಚು ಕಂಡ ಕ್ಷಣ ನಾಲ್ಕೈದು ಫೋಟೋಗಳ ಬರ್ಸ್ಟ್. ಇಪ್ಪತ್ತರಲ್ಲಿ ಒಂದು ಸಿಕ್ಕರೆ ಖುಷಿಪಡಿ.

ಪೂರ್ತಿ ಹುಳವೇ ಚೂಪಾಗಿ ಬೇಕು ಅನ್ನುವ ಹಟ ಇದ್ದರೆ ಫೋಕಸ್ ಸ್ಟ್ಯಾಕಿಂಗ್ ಇದೆ. ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ತೆಗೆದ ಹತ್ತಾರು ಫೋಟೋಗಳನ್ನು ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ತರಹದ ತಂತ್ರಾಂಶ ಒಂದಾಗಿಸುತ್ತದೆ. ಸ್ಟ್ಯಾಕ್ ಮಾಡಿದ ಚಿತ್ರದಲ್ಲಿ ಮೀಸೆ ಎರಡೆರಡಾಗಿ ಕಂಡರೆ ನಡುವೆ ಹುಳ ಅಲುಗಿದೆ ಅಂತ ಅರ್ಥ. ತಂತ್ರಾಂಶದ ತಪ್ಪಲ್ಲ.

ಎಫ್ 22 ಇಟ್ಟೆ, ಆದರೂ ಮೆತ್ತಗೆ

ಪದರ ದಪ್ಪವಾಗಲಿ ಅಂತ ಎಫ್ ಸಂಖ್ಯೆ ಏರಿಸುತ್ತಾ ಹೋದವರ ದೂರು ಇದು. ತುಂಬ ಕಿರಿದಾದ ಕಿಂಡಿಯಲ್ಲಿ ಹಾಯುವಾಗ ಬೆಳಕು ಚದುರುತ್ತದೆ, ಎಲ್ಲವೂ ಒಂದೇ ಸಮ ಮೆತ್ತಗಾಗುತ್ತದೆ. ಇದೇ ಡಿಫ್ರಾಕ್ಷನ್. 1:1ರಲ್ಲಿ ಕಿಂಡಿ ನೀವು ಇಟ್ಟ ಸಂಖ್ಯೆಯ ಎರಡರಷ್ಟು ಕಿರಿದಾದಂತೆ ವರ್ತಿಸುತ್ತದೆ. ಎಫ್ 22 ಅಂದರೆ ಎಫ್ 44ರ ಲೆಕ್ಕ. ನಾನು ಎಫ್ 11ರಲ್ಲಿ ನಿಲ್ಲುತ್ತೇನೆ, ತೀರ ಬೇಕಾದರೆ 16.

ಇದಕ್ಕೆ ಅಂಟಿಕೊಂಡ ಇನ್ನೊಂದು ಗಾಬರಿ: ನಿಕಾನ್‌ನ 105 ಮಿ.ಮೀ. ಲೆನ್ಸಿನಲ್ಲಿ ಎಫ್ 2.8 ಇಟ್ಟಿದ್ದರೂ ಹತ್ತಿರ ಹೋದಂತೆ ಅಂಕಿ ತಾನಾಗಿಯೇ 4.8ಕ್ಕೆ ಏರುತ್ತದೆ. ಕೆಟ್ಟಿಲ್ಲ. ಅದು ನಿಜ ಹೇಳುತ್ತಿದೆ. ಕ್ಯಾನನ್ ಬಾಡಿಗಳು ಇದನ್ನು ತೋರಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಳೆದ ಹಾಗೆ, ಎರಡೆರಡಾಗಿ ಬಂದಿದೆ

ಏನು ಎಳೆದಿದೆ ನೋಡಿ. ಹುಳ, ಎಲೆ, ಹಿಂದಿನ ಕಡ್ಡಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಿದ್ದರೆ ನಿಮ್ಮ ಕೈ ನಡುಗಿದೆ. ಹುಳ ಮತ್ತು ಅದು ಕೂತ ಹೂವು ಮಾತ್ರ ಎಳೆದಿದ್ದರೆ ಗಾಳಿ. ಮೀಸೆ ಅಥವಾ ರೆಕ್ಕೆ ಮಾತ್ರ ಆದರೆ ಹುಳ ತಾನೇ ಅಲುಗಿದೆ.

ಕೈಗೆ ಮದ್ದು: ಶಟರ್ 1/250ಕ್ಕಿಂತ ವೇಗ, ಮೊಣಕೈ ಮಂಡಿಗೆ ಊರಿ ಕೂರುವುದು, ಬೇಕಾದರೆ ಐಎಸ್‌ಓ, ಅಂದರೆ ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ, ಏರಿಸುವುದು. ಕಾಳು ಕಾಳಾದ ಚೂಪು ಫೋಟೋ ನುಣುಪಾದ ಮಸುಕು ಫೋಟೋಗಿಂತ ಎಷ್ಟೋ ಮೇಲು. ಲೆನ್ಸಿನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಅಂತ ನೆಚ್ಚಿಕೊಳ್ಳಬೇಡಿ. ಅದು ದೂರದ ದೃಶ್ಯಕ್ಕೆ ಕೊಡುವಷ್ಟು ಸಹಾಯ ಇಷ್ಟು ಹತ್ತಿರದಲ್ಲಿ ಕೊಡುವುದಿಲ್ಲ.

ಗಾಳಿಗೆ: ಬಿದಿರ ಕಡ್ಡಿಯೊಂದನ್ನು ನೆಲಕ್ಕೆ ಚುಚ್ಚಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಗಿಡದ ದಂಟನ್ನು ಅದಕ್ಕೆ ಹಿಡಿಸಿ. ಎರಡು ರೂಪಾಯಿ ಖರ್ಚು. ಹುಳದಿಂದ ಒಂದು ಗೇಣು ಕೆಳಗೆ ಹಿಡಿಸಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ಫ್ಲ್ಯಾಶ್ ಹಾಕಿದ ಫೋಟೋದಲ್ಲಿ ಒಂದು ಚೂಪಾದ ಹುಳ, ಅದರ ಪಕ್ಕ ತೆಳುವಾದ ಇನ್ನೊಂದು ನೆರಳು ಕಂಡರೆ ಕಥೆ ಬೇರೆ. ಫ್ಲ್ಯಾಶಿನ ಬೆಳಕು ಒಂದು ಚಿತ್ರ ಬರೆದಿದೆ, ಬಿಸಿಲು ಇನ್ನೊಂದು ಬರೆದಿದೆ. ಪರೀಕ್ಷೆ ಸುಲಭ. ಅದೇ ಸೆಟ್ಟಿಂಗ್‌ನಲ್ಲಿ ಫ್ಲ್ಯಾಶ್ ಆರಿಸಿ ಒಂದು ಫೋಟೋ ತೆಗೆಯಿರಿ. ಹೆಚ್ಚುಕಮ್ಮಿ ಕಪ್ಪಾಗಿ ಬರಬೇಕು. ಏನಾದರೂ ಚೆನ್ನಾಗಿ ಕಂಡರೆ ಐಎಸ್‌ಓ ಇಳಿಸಿ, ಅಥವಾ ಹುಳಕ್ಕೆ ಕೊಡೆಯ ನೆರಳು ಕೊಡಿ. ಫ್ಲ್ಯಾಶನ್ನು ಮ್ಯಾನುಯಲ್‌ಗೆ ತಂದು 1/16 ಅಥವಾ 1/32 ಶಕ್ತಿಯಲ್ಲಿ ಇಡಿ. ಶಕ್ತಿ ಕಮ್ಮಿಯಾದಷ್ಟೂ ಮಿಂಚು ಚಿಕ್ಕದು, 1/32ರ ಸುತ್ತಮುತ್ತ ಅದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು. ನಡುಕ, ಗಾಳಿ ಎರಡೂ ಅಷ್ಟರಲ್ಲಿ ಏನೂ ಮಾಡಲಾರವು.

ಜೀರುಂಡೆಯ ಬೆನ್ನ ಮೇಲೆ ಬಿಳಿ ಸುಟ್ಟ ಕಲೆ

ಗುಲಗಂಜಿ ಹುಳ, ಜೀರುಂಡೆ, ಕಪ್ಪು ಇರುವೆ. ಇವೆಲ್ಲ ಕನ್ನಡಿಗಳು. ಬರಿ ಫ್ಲ್ಯಾಶ್ ಹೊಡೆದರೆ ಬೆನ್ನ ಮೇಲೆ ಬಲ್ಬ್ ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ಎಕ್ಸ್‌ಪೋಶರ್ ಇಳಿಸಿದರೆ ಕಲೆ ಹೋಗುವುದಿಲ್ಲ, ಉಳಿದದ್ದು ಕಪ್ಪಾಗುತ್ತದೆ ಅಷ್ಟೇ. ಬೇಕಾದ್ದು ದೊಡ್ಡ, ಹತ್ತಿರದ ಬೆಳಕು.

ಬೆಳಕನ್ನು ಹರಡುವ ಡಿಫ್ಯೂಸರ್ ಕೊಳ್ಳಬೇಕಾಗಿಲ್ಲ. ನನ್ನದು ಹಾಲಿನ ಬಣ್ಣದ ಪ್ಲಾಸ್ಟಿಕ್ ಡಬ್ಬದ ಮುಚ್ಚಳ, ಒಳಗೆ ಬಟರ್ ಪೇಪರಿನ ಎರಡು ಪದರ. ಲೆನ್ಸ್ ತೂರುವಷ್ಟು ತೂತು ಕೊರೆದು, ಹುಳದ ನೆತ್ತಿಯ ಮೇಲೆ ಚಪ್ಪರದ ಹಾಗೆ ಬಾಗಿಸಿದ್ದೇನೆ. ಮುಖ್ಯವಾದ್ದು ಫ್ಲ್ಯಾಶಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳಿನ ಜಾಗ. ಫ್ಲ್ಯಾಶಿನ ಮೂತಿಗೇ ಅಂಟಿಸಿದ ಟಿಶ್ಯೂ ಪೇಪರಿನಿಂದ ಬೆಳಕು ದೊಡ್ಡದಾಗುವುದಿಲ್ಲ, ಮಂದವಾಗುತ್ತದೆ. ಎಷ್ಟೋ ಜನ ಇಲ್ಲೇ ಸೋತು "ಡಿಫ್ಯೂಸರ್ ಸುಮ್ನೆ" ಅಂತಾರೆ.

ಎಚ್ಚರಿಕೆ: ಕಾಗದ ಮುಚ್ಚಿದ ಫ್ಲ್ಯಾಶನ್ನು ಪೂರ್ತಿ ಶಕ್ತಿಯಲ್ಲಿ ಒಂದರ ಹಿಂದೊಂದು ಹೊಡೆಯಬೇಡಿ, ಬಿಸಿಗೆ ಕಾಗದ ಕಂದುತ್ತದೆ. ಕೆಟ್ಟ ಫ್ಲ್ಯಾಶನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ನ ಆಸುಪಾಸು ವಿದ್ಯುತ್ ಕೂತಿರುತ್ತದೆ. ಬ್ಯಾಟರಿ ತೆಗೆದ ಎಷ್ಟೋ ಹೊತ್ತಿನ ಮೇಲೂ ಅದು ಹೊಡೆದು ಕೆಡವಬಲ್ಲದು.

ಹಿಂದೆಲ್ಲ ಕಪ್ಪು, ಅಥವಾ ಫೋಟೋದ ಅರ್ಧವೇ ಕಪ್ಪು

ಎರಡೂ ಕಪ್ಪು, ಕಾರಣ ಬೇರೆ ಬೇರೆ. ಹಗಲಲ್ಲೂ ಹಿಂಭಾಗ ಅಮಾವಾಸ್ಯೆ ಆಗಿದ್ದರೆ ಫ್ಲ್ಯಾಶಿನ ಬೆಳಕು ಅಲ್ಲಿಯವರೆಗೆ ತಲುಪಿಲ್ಲ. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದಾಗುತ್ತದೆ. ಹುಳದ ಹಿಂದೆ ಒಂದಡಿಯೊಳಗೆ ಹಸಿರೆಲೆ ಬರುವ ಹಾಗೆ ಕೋನ ಹುಡುಕಿ. ಇಲ್ಲವೇ ಯಾರಾದರೂ ಒಂದು ಬಾಳೆ ಎಲೆ ಹಿಡಿದುಕೊಳ್ಳಲಿ.

ಫೋಟೋದ ಒಂದು ಬದಿಗೆ ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ ಬಂದಿದ್ದರೆ ಶಟರ್ ವೇಗ ಫ್ಲ್ಯಾಶಿನ ಸಿಂಕ್ ಮಿತಿ, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ವೇಗ, ದಾಟಿದೆ. ಬಹುತೇಕ ಕ್ಯಾಮೆರಾಗಳಲ್ಲಿ ಆ ಮಿತಿ 1/160ರಿಂದ 1/250ರ ಒಳಗೆ. ಇಳಿಸಿ, ಹೋಗುತ್ತದೆ. ಫ್ಲ್ಯಾಶ್ ಇಲ್ಲದೆ ತೆಗೆದಾಗಲೂ ಪಟ್ಟಿ ಬಂದರೆ ಶಟರ್ ಪರದೆಯೇ ಕೆಟ್ಟಿರಬಹುದು, ಅದು ಸರ್ವಿಸ್ ಕೆಲಸ. ಫ್ಲ್ಯಾಶ್ ಮಿಂಚಲೇ ಇಲ್ಲವೇ? ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸೈಲೆಂಟ್ ಶಟರ್ ಹಾಕಿದ್ದೀರಾ ನೋಡಿ. ಬಹಳಷ್ಟು ಬಾಡಿಗಳಲ್ಲಿ ಆಗ ಫ್ಲ್ಯಾಶ್ ಕೆಲಸ ಮಾಡುವುದಿಲ್ಲ.

ಫೋಕಸ್ ಹಿಂದೆ ಮುಂದೆ ಹೋಗ್ತಾನೇ ಇದೆ

ಆಟೋಫೋಕಸ್ ಬಿಡಲಾಗದವರ ದೂರು ಇದು. ಝುಂಯ್, ಝುಂಯ್, ಅಷ್ಟರಲ್ಲಿ ಚಿಟ್ಟೆ ಹಾರಿತು. ಲೆನ್ಸಿನ ಬದಿಯಲ್ಲಿ ಫೋಕಸ್ ಲಿಮಿಟರ್ ಗುಂಡಿ ಇದ್ದರೆ ಹತ್ತಿರದ ವ್ಯಾಪ್ತಿಗೆ ತಳ್ಳಿ. ಮೊದಲು ಕೈಯಲ್ಲಿ ಅಂದಾಜು ಫೋಕಸ್ ಮಾಡಿ, ಆಮೇಲೆ ಆಟೋಫೋಕಸ್‌ಗೆ ಬಿಡಿ. ಮಧ್ಯದ ಬಿಂದುವನ್ನೇ ಬಳಸಿ. ಮಂದ ಬೆಳಕಿದ್ದರೆ ಟಾರ್ಚ್ ಹಿಡಿಯಿರಿ.

ಫೋನಿನವರಿಗೆ: ಈಗಿನ ಎಷ್ಟೋ ಫೋನುಗಳು ಹತ್ತಿರ ಹೋದ ತಕ್ಷಣ ಕೇಳದೆಯೇ ಮುಖ್ಯ ಕ್ಯಾಮೆರಾದಿಂದ ಅಗಲದ ಕ್ಯಾಮೆರಾಕ್ಕೆ ಹಾರುತ್ತವೆ. ನೀವು ಕ್ಲಿಪ್ ಲೆನ್ಸನ್ನು ಒಂದರ ಮೇಲೆ ಹಾಕಿದ್ದೀರಿ, ಫೋನ್ ಇನ್ನೊಂದರಿಂದ ನೋಡುತ್ತಿದೆ. ಒಂದೊಂದೇ ಕಿಂಡಿಗೆ ಬೆರಳು ಮುಚ್ಚಿ ನೋಡಿ, ಪರದೆ ಯಾವಾಗ ಕಪ್ಪಾಗುತ್ತದೋ ಅದೇ ಕೆಲಸ ಮಾಡುತ್ತಿರುವ ಕ್ಯಾಮೆರಾ. ಸೆಟ್ಟಿಂಗ್‌ನಲ್ಲಿ ಆಟೋ ಮ್ಯಾಕ್ರೋ ಆರಿಸಿ. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾದ ಬಗ್ಗೆ ಹೇಳುವುದಾದರೆ, ಅದನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದಿಂದ ಒಂದಡಿ ದೂರ ನಿಂತು ತೆಗೆದು ಕ್ರಾಪ್ ಮಾಡಿದರೇ ಚೆನ್ನಾಗಿರುತ್ತದೆ.

ಟ್ಯೂಬ್ ಹಾಕಿದೆ, ಕ್ಯಾಮೆರಾ ಎಫ್ ಅಂಕಿಯನ್ನೇ ತೋರಿಸುತ್ತಿಲ್ಲ

ಅಂಕಿಯ ಜಾಗದಲ್ಲಿ ಎರಡು ಸೊನ್ನೆ ಅಥವಾ ಎರಡು ಗೆರೆ ಕಂಡರೆ ಕ್ಯಾಮೆರಾಕ್ಕೆ ಲೆನ್ಸಿನ ಸಂಪರ್ಕ ಸಿಕ್ಕಿಲ್ಲ. ಚಿನ್ನದ ಬಣ್ಣದ ಸಂಪರ್ಕ ಬಿಂದುಗಳಿಲ್ಲದ ಅಗ್ಗದ ಎಕ್ಸ್‌ಟೆನ್ಷನ್ ಟ್ಯೂಬ್ (ಹತ್ತಿರ ಫೋಕಸ್ ಆಗಲು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಪೊಳ್ಳು ಕೊಳವೆ) ಆದರೆ ಅದು ಯಾವತ್ತೂ ಸಿಗುವುದಿಲ್ಲ, ದೋಷ ಅಲ್ಲ. ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆ ಮೆನುವಿನಲ್ಲಿರುತ್ತದೆ, ಅದನ್ನು ಆನ್ ಮಾಡಿ. ಬಿಂದುಗಳಿದ್ದೂ ಹೀಗಾದರೆ ಒಣ ಬಟ್ಟೆಯಲ್ಲಿ ಒರೆಸಿ, ಕ್ಲಿಕ್ ಅನ್ನುವವರೆಗೆ ತಿರುಗಿಸಿ ಕೂರಿಸಿ.

ಮ್ಯಾಕ್ರೋಗಾಗಿ 50 ಮಿ.ಮೀ. ಲೆನ್ಸನ್ನು ಉಲ್ಟಾ ಹಾಕಿಕೊಂಡವರಲ್ಲಿ ಕ್ಯಾನನ್ ಇಎಫ್ ಲೆನ್ಸ್ ಇರುವವರಿಗೆ ಒಂದು ಹಳೆಯ ಉಪಾಯ: ಲೆನ್ಸ್ ನೇರವಾಗಿರುವಾಗಲೇ ಎಫ್ 11 ಇಟ್ಟು, ಕಿಂಡಿಯನ್ನು ಇಟ್ಟ ಅಳತೆಗೆ ಕಿರಿದಾಗಿಸುವ ಡೆಪ್ತ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿ. ಕಿಂಡಿ ಅಲ್ಲೇ ನಿಲ್ಲುತ್ತದೆ. ಉಲ್ಟಾ ಲೆನ್ಸಿನ ಹಿಂಗಾಜು ಬಯಲಿಗೆ ಬಿದ್ದಿರುತ್ತದೆ, ಪರಾಗ ಮೆತ್ತಿಕೊಳ್ಳದಂತೆ ನೋಡಿಕೊಳ್ಳಿ.

ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಚುಕ್ಕೆ

ಲೆನ್ಸ್ ಬದಲಾಯಿಸಿದರೂ ಚುಕ್ಕೆ ಅಲ್ಲೇ ಇದ್ದರೆ ಸೆನ್ಸರ್ ಮೇಲೆ ಧೂಳು. ಎಫ್ 16ರಲ್ಲಿ ಎದ್ದು ಕಾಣುತ್ತದೆ, ಎಫ್ 4ರಲ್ಲಿ ಮಾಯ. ಮೊದಲು ಕ್ಯಾಮೆರಾದ ಸ್ವಂತ ಶುಚಿ ಮೆನು. ಆಮೇಲೆ ಬಾಡಿಯ ಬಾಯಿ ಕೆಳಮುಖ ಮಾಡಿ ರಬ್ಬರ್ ಬ್ಲೋವರ್. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ. ಅಷ್ಟಕ್ಕೂ ಹೋಗದಿದ್ದರೆ ದುಡ್ಡು ಕೊಟ್ಟು ಮಾಡಿಸಿ. ನಾನಂತೂ ಸೆನ್ಸರಿಗೆ ಒದ್ದೆ ಸ್ವ್ಯಾಬ್ ಮುಟ್ಟಿಸುವ ಧೈರ್ಯ ಮಾಡಿಲ್ಲ.

ಲೆನ್ಸ್ ಒಳಗೆ ಜೇಡನ ಬಲೆ, ಅಥವಾ ಮಂಜು

ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಗಾಜು ಮಂಜಾದರೆ ಗಾಬರಿ ಬೇಡ. ಕಾಲು ಗಂಟೆ ಬ್ಯಾಗಿನಲ್ಲೇ ಬಿಡಿ. ಆ ಹೊತ್ತಿನಲ್ಲಿ ಲೆನ್ಸ್ ಬಿಚ್ಚಬೇಡಿ, ಮಂಜು ಒಳಗೂ ಕೂರುತ್ತದೆ.

ಮಲೆನಾಡು, ಕರಾವಳಿಯವರ ನಿಜವಾದ ಶತ್ರು ಫಂಗಸ್. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು, ಕಿಂಡಿ ಪೂರ್ತಿ ತೆರೆದು ಮುಂದಿನಿಂದ ನೋಡಿ. ಸಣ್ಣ ಬೇರುಗಳ ಹಾಗೆ, ಬಲೆಯ ಹಾಗೆ ಹರಡಿದ ಎಳೆ ಕಂಡರೆ ಅದೇ. ಚಿತ್ರ ಮಬ್ಬು ಮಬ್ಬಾಗಿ, ಬಿಸಿಲು ಎದುರಿದ್ದಾಗ ಹಾಲು ಚೆಲ್ಲಿದಂತೆ ಬರುತ್ತದೆ. ಶುರುವಿನಲ್ಲೇ ಕೊಟ್ಟರೆ ತೊಳೆಸಬಹುದು. ತಡ ಮಾಡಿದರೆ ಅದು ಗಾಜಿನ ಲೇಪವನ್ನೇ ಕೊರೆಯುತ್ತದೆ, ಆಮೇಲೆ ಯಾರಿಂದಲೂ ಆಗದು. ರಿಪೇರಿಯವರ ಹತ್ತಿರ ಮೊದಲೇ ಅಂದಾಜು ಮೊತ್ತ ಬರೆಸಿಕೊಳ್ಳಿ. ಹಳೆ ಲೆನ್ಸಿಗೆ ಅದರ ಬೆಲೆಯ ಅರ್ಧಕ್ಕಿಂತ ಜಾಸ್ತಿ ಕೇಳಿದರೆ ಬಿಟ್ಟುಬಿಡುವುದೇ ವಾಸಿ.

ಬರದ ಹಾಗೆ ನೋಡಿಕೊಳ್ಳುವುದು ಅಗ್ಗ. ಆಷಾಢದಿಂದ ಮೂರು ತಿಂಗಳು ಬಟ್ಟೆಯ ಬ್ಯಾಗಿನಲ್ಲಿ ಇಡಬೇಡಿ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಮಾಪಕ. 40ರಿಂದ 50 ಪರ್ಸೆಂಟ್ ಒಳಗೆ ಇದ್ದರೆ ಸಾಕು. ನೀಲಿ ಜೆಲ್ ಗುಲಾಬಿಯಾದರೆ ಒಣಗಿಸಬೇಕು. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಬಿಸಿ ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಹುಳ ನಿಲ್ಲೋದೇ ಇಲ್ಲ

ಇದು ಗಡಿಯಾರದ ದೋಷ. ಹನ್ನೊಂದು ಗಂಟೆಗೆ ತೋಟಕ್ಕೆ ಇಳಿದರೆ ಯಾವ ಹುಳವೂ ನಿಲ್ಲುವುದಿಲ್ಲ. ಹುಳಗಳ ಮೈ ಬಿಸಿಲಿಗೆ ಕಾದ ಮೇಲೇ ಚುರುಕಾಗುವುದು. ಬೆಳಗ್ಗೆ ಆರರಿಂದ ಏಳೂವರೆ ನಿಮ್ಮದು. ಸಂಜೆ ಹೊತ್ತು ಮುಳುಗುವಾಗ ಒಣ ಕಡ್ಡಿಗಳನ್ನು ನೋಡುತ್ತಾ ಬನ್ನಿ. ನೀಲಿ ಪಟ್ಟಿಯ ಗಂಡು ಜೇನ್ನೊಣಗಳು ದವಡೆಯಿಂದ ಕಡ್ಡಿ ಕಚ್ಚಿಕೊಂಡು, ಕಾಲು ಗಾಳಿಗೆ ಬಿಟ್ಟು ಸಾಲಾಗಿ ಮಲಗಿರುತ್ತವೆ. ಏರೋಪ್ಲೇನ್ ಚಿಟ್ಟೆ ಹಾರಿದರೆ ಅಟ್ಟಿಸಿಕೊಂಡು ಹೋಗಬೇಡಿ, ಅದೇ ಕಡ್ಡಿಗೆ ಫೋಕಸ್ ಇಟ್ಟು ಕಾಯಿರಿ. ಬಹಳ ಸಲ ಅಲ್ಲಿಗೇ ಬರುತ್ತದೆ. ಕರಿಬೇವು, ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆ ಕಂಡರೆ ಇನ್ನೊಮ್ಮೆ ನೋಡಿ, ನಿಂಬೆ ಚಿಟ್ಟೆಯ ಎಳೆ ಹುಳ ಇರಬಹುದು. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಮಾಡೆಲ್ ಇಲ್ಲ, ದಿನವಿಡೀ ಅಲ್ಲೇ.

ನಿಮ್ಮ ನೆರಳು ಹುಳದ ಮೇಲೆ ಬೀಳದಿರಲಿ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತೆಗೆಯುವವರಿದ್ದಾರೆ. ಅಂಥ ಫೋಟೋ ನನಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಕಾಲುಗಳು ಸತ್ತ ಹಾಗೆ ಬಿದ್ದಿರುತ್ತವೆ. ಆ ದಾರಿ ಬೇಡ.

ಕ್ಯಾಮೆರಾ ಸರಿ, ಮೈ ಉರಿಯುತ್ತಿದೆ

ಈ ಭಾಗವನ್ನು ಹಾರಿಸಬೇಡಿ. ಒಂದು ಕಣ್ಣು ವ್ಯೂಫೈಂಡರ್‌ಗೆ ಅಂಟಿಸಿದವನಿಗೆ ಮಂಡಿಯ ಕೆಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಕೂರುವ ಮೊದಲು ಕೋಲಿನಿಂದ ಹುಲ್ಲು, ತರಗೆಲೆ ಸರಿಸಿ ನೋಡಿ. ಕೊಳಕುಮಂಡಲ ಅಲುಗದೆ ಬಿದ್ದಿರುತ್ತದೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಮಾಡದೆ ಸೀದಾ ಆಸ್ಪತ್ರೆ.

ದಾಸವಾಳ, ಬೆಂಡೆ ಹೂವು ತಿನ್ನುವ ಕಪ್ಪು ಕಿತ್ತಳೆ ಪಟ್ಟಿಯ ಜೀರುಂಡೆಯನ್ನು ಕೈಯಲ್ಲಿ ಹಿಡಿಯಬೇಡಿ. ಅದು ಒಸರುವ ರಸಕ್ಕೆ ಚರ್ಮ ಬೊಕ್ಕೆ ಏಳುತ್ತದೆ. ತಾಗಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಕಣ್ಣು ಉಜ್ಜಬೇಡಿ. ಕಂಬಳಿಹುಳದ ಕೂದಲು ಚುಚ್ಚಿಕೊಂಡರೆ ಅಂಟುಪಟ್ಟಿ ಒತ್ತಿ ಕಿತ್ತರೆ ಎಷ್ಟೋ ಬರುತ್ತದೆ. ಚಗಳಿ ಇರುವೆ ಗೂಡಿನ ಕೊಂಬೆಗೆ ಒರಗಬೇಡಿ, ಇದು ಹೇಳಬೇಕಾಗಿಲ್ಲ.

ಹೆಜ್ಜೇನು ಗೂಡಿನ ಹತ್ತಿರ ಮ್ಯಾಕ್ರೋ ಮಾಡಲೇಬೇಡಿ. ಹೂವಿಗೆ ಬಂದ ಒಂಟಿ ಜೇನು ಸಾಧು, ಗೂಡು ಸಾಧುವಲ್ಲ. ಒಂದು ಜೇನು ಚುಚ್ಚಿದರೆ ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆದು ಐಸ್ ಇಡಿ. ತುಟಿ ಅಥವಾ ಮುಖ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಮಲೆನಾಡಿನಲ್ಲಿ ಕಾಡಿನ ಅಂಚಿನ ತೋಟದವರು ಉಣುಗಿನ ಬಗ್ಗೆ ಎಚ್ಚರವಾಗಿರಬೇಕು. ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಅದೂ ನಾವು ನೆಲದಲ್ಲಿ ಮಲಗಿ ಫೋಟೋ ತೆಗೆಯುವ ಕಾಲವೇ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಉದ್ದ ತೋಳು ಹಾಕಿ, ಮನೆಗೆ ಬಂದ ಕೂಡಲೇ ಬಿಸಿ ನೀರಿನ ಸ್ನಾನ ಮಾಡಿ. ಕಚ್ಚಿದ ಉಣುಗನ್ನು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಆಮೇಲಿನ ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಉಣುಗು ಕಚ್ಚಿದ್ದನ್ನು ಮರೆಯದೆ ಹೇಳಿ.

ಔಷಧಿ ಹೊಡೆದ ತೋಟದಲ್ಲಿ ಕೆಲವು ದಿನ ಮಲಗಬೇಡಿ. ಹುಳಗಳೂ ಇರುವುದಿಲ್ಲ ಬಿಡಿ.

ಸೂರ್ಯನ ಕುದುರೆಯ ಕಣ್ಣಲ್ಲಿ ಕಪ್ಪು ಚುಕ್ಕೆ

"ಸೆನ್ಸರ್ ಧೂಳಾ?" ಅಂತ ಗೆಳೆಯರೊಬ್ಬರು ಫೋಟೋ ಕಳಿಸಿದ್ದರು. ಹಸಿರು ಸೂರ್ಯನ ಕುದುರೆ, ಎರಡೂ ಕಣ್ಣಲ್ಲಿ ಒಂದೊಂದು ಕಪ್ಪು ಚುಕ್ಕೆ. ಎಡದಿಂದ ತೆಗೆದ ಫೋಟೋದಲ್ಲೂ ಚುಕ್ಕೆ ನಮ್ಮ ಕಡೆಗೇ, ಬಲದಿಂದ ತೆಗೆದದ್ದರಲ್ಲೂ ನಮ್ಮ ಕಡೆಗೇ. ಎಲ್ಲಿ ಹೋದರೂ ಹುಳ ದಿಟ್ಟಿಸುತ್ತಿರುವ ಹಾಗೆ. ಧೂಳಾಗಿದ್ದರೆ ಹೀಗೆ ಹಿಂಬಾಲಿಸುತ್ತಿರಲಿಲ್ಲ.

ಆ ಕಣ್ಣು ಸಾವಿರಾರು ಪುಟ್ಟ ಕೊಳವೆಗಳ ಕಟ್ಟು. ನೇರ ನಮ್ಮ ಕಡೆ ಬಾಯಿ ಮಾಡಿರುವ ಕೊಳವೆಗಳು ಬೆಳಕನ್ನು ಒಳಗೆ ನುಂಗುತ್ತವೆ, ಅದಕ್ಕೇ ಕಪ್ಪು. ಓರೆಯಾಗಿರುವ ಅಕ್ಕಪಕ್ಕದವು ಬೆಳಕನ್ನು ವಾಪಸ್ ಕಳಿಸುತ್ತವೆ, ಅದಕ್ಕೇ ಹಸಿರು. ನಾವು ಸರಿದರೆ ನುಂಗುವ ಕೊಳವೆಗಳು ಬೇರೆ, ಚುಕ್ಕೆ ಸರಿಯಿತು. ಫೋಟೋಶಾಪ್‌ನಲ್ಲಿ ಅಳಿಸಬೇಡಿ. ರಾತ್ರಿ ಟಾರ್ಚ್ ಹಿಡಿದು ಅದೇ ಹುಳವನ್ನು ಹುಡುಕಿ ನೋಡಿ, ಹಸಿರಿದ್ದ ಕಣ್ಣು ಪೂರ್ತಿ ಕಪ್ಪಾಗಿರುತ್ತದೆ. ಅದೂ ದೋಷವಲ್ಲ.